ದೊಡ್ಡತ್ತೆ ರೋಡ್

ನಮ್ಮ ಕೊಳ್ಳೇಗಾಲಕ್ಕೆ ರೈಲು ಬಂದಿಲ್ಲ. ರೈಲು ಬರುತ್ತದೆಂಬ ಸುದ್ದಿ ಮಾತ್ರ ನನಗೆ ಬುದ್ಧಿ ತಿಳಿದಾಗಿನಿಂದ ತಪ್ಪದೆ ಬರುತ್ತಿದೆ. ಬೆಂಗಳೂರಿನಿಂದ ಕನಕಪುರ, ಕೊಳ್ಳೇಗಾಲ, ಚಾಮರಾಜನಗರದ ಮೇಲೆ ಸತ್ಯಮಂಗಲಕ್ಕೆ ಹೋಗುವ ಮಾರ್ಗವೊಂದರ ಮಾತು ಚುನಾವಣೆ ಬಂದಾಗ ಏಳುತ್ತದೆ, ಚುನಾವಣೆ ಮುಗಿದಾಗ ಮಲಗುತ್ತದೆ. ನಾನು ಕೊಟ್ಟ ಮನೆಯಿರುವ ಯಳಂದೂರಿಗೂ ರೈಲಿಲ್ಲ. ನಾನು ಕೆಲಸ ಮಾಡಿದ ಹನೂರಿನ ವಿಷಯವನ್ನಂತೂ ಕೇಳುವುದೇ ಬೇಡ. ರೈಲು ಹತ್ತಬೇಕಾದರೆ ಕೊಳ್ಳೇಗಾಲದವರು ಮೊದಲು ಬಸ್ಸು ಹತ್ತಿ, ಸುಮಾರು 40 ಕಿಲೋಮೀಟರು ಕುಲುಕಾಡಿಕೊಂಡು ಚಾಮರಾಜನಗರ ಸೇರಬೇಕು. ನಂಜನಗೂಡಿನಿಂದ 1926ರಲ್ಲಿ ಅಲ್ಲಿಯವರೆಗೆ ಬಂದ ಹಳಿ, ಮುಂದೆ ಹೋಗಲೋ ಬೇಡವೋ ಎಂದು ಇನ್ನೂ ಯೋಚಿಸುತ್ತಾ ಅಲ್ಲೇ ನಿಂತಿದೆ.

ಇಂಥ ಸೀಮೆಯಲ್ಲಿ, ವರ್ಷಕ್ಕೆ ಹತ್ತು ದಿನ ಮಾತ್ರ, ಒಂದು ರೈಲು ಓಡುತ್ತಿತ್ತು. ಅದು ಓಡುತ್ತಿದ್ದುದು ಯಳಂದೂರಿನ ನಮ್ಮ ಮನೆಯ ನಡುಮನೆಯಲ್ಲಿ, ದಸರಾ ಬೊಂಬೆಗಳ ಕೆಳಗೆ. ಅದನ್ನು ಓಡಿಸುತ್ತಿದ್ದವರು ನಮ್ಮ ಮಾವನವರ ಅಕ್ಕ. ಮನೆಮಂದಿಗೆಲ್ಲ ಅವರು ದೊಡ್ಡತ್ತೆ. ಬೀದಿಯ ಮಕ್ಕಳಿಗೂ ದೊಡ್ಡತ್ತೆಯೇ. ಆ ರೈಲಿನ ಫೋಟೋ ಒಮ್ಮೆಯಲ್ಲ, ಎರಡು ಸಲ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಎರಡು ಫೋಟೋಗಳ ನಡುವೆ ನಡೆದದ್ದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಮೈಸೂರು ಸೀಮೆಯ ಹೆಣ್ಣುಮಕ್ಕಳಿಗೆ ಬೊಂಬೆ ಕೂರಿಸುವುದನ್ನು ವಿವರಿಸಬೇಕಾಗಿಲ್ಲ. ಮೂರೋ ಐದೋ ಏಳೋ, ಬೆಸ ಸಂಖ್ಯೆಯ ಮೆಟ್ಟಿಲು. ಅದರ ಮೇಲೆ ಬಿಳಿಯ ಪಂಚೆ. ಎಲ್ಲಕ್ಕಿಂತ ಮೇಲೆ ರಾಜ ರಾಣಿಯರ ಪಟ್ಟದ ಬೊಂಬೆ. ಕೆಳಗೆ ದಶಾವತಾರ, ಶೆಟ್ಟಿ ದಂಪತಿಗಳು, ಚನ್ನಪಟ್ಟಣದ ಬಣ್ಣದ ಆಟಿಕೆಗಳು. ಮೆಟ್ಟಿಲು ಮುಗಿದ ಮೇಲೆ ನೆಲದಲ್ಲಿ ಒಂದು ಪಾರ್ಕು. ರಾಗಿ ಮೊಳಕೆಯ ಹೊಲ, ಕನ್ನಡಿಯ ಕೆರೆ, ಅದರಲ್ಲೊಂದು ಪ್ಲಾಸ್ಟಿಕ್ ಬಾತುಕೋಳಿ. ಎಷ್ಟೋ ಮನೆಗಳಲ್ಲಿ ಈ ಪಾರ್ಕು ಮಕ್ಕಳ ಪಾಲು. ನಮ್ಮ ಮನೆಯಲ್ಲಿ ಅದು ದೊಡ್ಡತ್ತೆಯ ಪಾಲು.

ಅದಕ್ಕೆ ಕಾರಣವಿತ್ತು. ದೊಡ್ಡತ್ತೆಯ ಯಜಮಾನರು ನಂಜನಗೂಡು–ಚಾಮರಾಜನಗರ ಮಾರ್ಗದ ಒಂದು ಸಣ್ಣ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು. ಮದುವೆಯಾಗಿ ಹನ್ನೊಂದು ವರ್ಷ ದೊಡ್ಡತ್ತೆ ಹಳಿಯ ಪಕ್ಕದ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿದರು. ಆ ಮೇಲೆ ಗಂಡ ತೀರಿಕೊಂಡರು. ಮಕ್ಕಳಿರಲಿಲ್ಲ. ಒಂದು ಟ್ರಂಕು, ಒಂದು ಹಿತ್ತಾಳೆಯ ಸೀಟಿ ಹಿಡಿದುಕೊಂಡು ತಮ್ಮನ ಮನೆಗೆ ಬಂದವರು ಮತ್ತೆಲ್ಲಿಗೂ ಹೋಗಲಿಲ್ಲ. ಪಟ್ಟದ ಬೊಂಬೆ ಕೂರಿಸುವುದು, ಆರತಿ ಎತ್ತುವುದು ಮುತ್ತೈದೆಯರ ಕೆಲಸವೆಂಬುದು ಆಗ ನಮ್ಮ ಮನೆಯ ರೂಢಿ. ಹಾಗಾಗಿ ದೊಡ್ಡತ್ತೆ ಮೆಟ್ಟಿಲು ಮುಟ್ಟುತ್ತಿರಲಿಲ್ಲ. ಅರಿಶಿನ ಕುಂಕುಮಕ್ಕೆ ಹೆಂಗಸರು ಬಂದರೆ ಒಳಮನೆಗೆ ಸರಿಯುತ್ತಿದ್ದರು. ಆದರೆ ಮೆಟ್ಟಿಲಿನ ಕೆಳಗಿನ ನೆಲಕ್ಕೆ ಯಾವ ಶಾಸ್ತ್ರವೂ ಇರಲಿಲ್ಲ ನೋಡಿ! ಆ ಆರಡಿ ಮೂರಡಿ ನೆಲದಲ್ಲಿ ಅವರು ತಮ್ಮ ಹನ್ನೊಂದು ವರ್ಷವನ್ನು ಕಟ್ಟುತ್ತಿದ್ದರು.

ನಾನು ಸೊಸೆಯಾಗಿ ಬಂದ 1991ರ ನವರಾತ್ರಿಯಲ್ಲಿ ಅದನ್ನು ಮೊದಲು ನೋಡಿದೆ. ಟೂತ್‌ಪೇಸ್ಟಿನ ರಟ್ಟಿನ ಡಬ್ಬಿಗಳೇ ರೈಲಿನ ಡಬ್ಬಿಗಳು. ಹೊಲಿಗೆ ದಾರದ ಖಾಲಿ ಉರುಳೆಗಳನ್ನು ಕಡ್ಡಿಗೆ ಪೋಣಿಸಿ ಕಪ್ಪು ಬಳಿದರೆ ಇಂಜಿನ್ನು. ಚಕ್ರಗಳು ಅಂಗಿಯ ಗುಂಡಿಗಳು. ತೆಂಗಿನ ಗರಿಯ ಕಡ್ಡಿ ಹಳಿ, ಬೆಂಕಿಕಡ್ಡಿ ಸ್ಲೀಪರು. ರೇಷ್ಮೆಹುಳು ಗೂಡು ಕಟ್ಟುವ ಹಳೆಯ ಚಂದ್ರಿಕೆಯ ಮೇಲೆ ಒದ್ದೆ ಗೋಣಿ ಹೊದಿಸಿ ಮಣ್ಣು ಮೆತ್ತಿದರೆ ಬಿಳಿಗಿರಿರಂಗನ ಬೆಟ್ಟ. ಹಿಂದೆ ಆಕಾಶಕ್ಕೆ ನಮ್ಮತ್ತೆಯ ತಿಳಿನೀಲಿ ಕೊಳ್ಳೇಗಾಲದ ಸೀರೆ. ರೈಲನ್ನು ಎಳೆಯಲು ಕಣ್ಣಿಗೆ ಕಾಣದಷ್ಟು ಸಣ್ಣ ರೇಷ್ಮೆ ಎಳೆ. ಎಳೆಯ ತುದಿ ಒಳಮನೆಯ ಬಾಗಿಲ ಸಂದಿಯಲ್ಲಿ, ದೊಡ್ಡತ್ತೆಯ ಕೈಯಲ್ಲಿ. ಬಂದ ಹೆಂಗಸರು ರೈಲು ತಾನೇ ಓಡಿತೆಂದು ಬೆರಗಾಗುತ್ತಿದ್ದರು. ಓಡಿಸಿದವರು ಬಾಗಿಲ ಹಿಂದೆ ಇರುತ್ತಿದ್ದರು.

ಎಲ್ಲಕ್ಕಿಂತ ಚೆನ್ನಾಗಿದ್ದದ್ದು ನಂಜನಗೂಡಿನ ಸೇತುವೆ. 1735ರಲ್ಲಿ ದಳವಾಯಿ ದೇವರಾಜಯ್ಯ ಕಪಿಲಾ ನದಿಗೆ ಕಟ್ಟಿಸಿದ ಕಲ್ಲಿನ ಸೇತುವೆ ಅದು. ನನ್ನ ಓರಗೆಯವರಿಗೆ ನೆನಪಿರಬಹುದು, ಒಂದೇ ಸೇತುವೆಯ ಮೇಲೆ ರಸ್ತೆಯೂ ಇತ್ತು, ಹಳಿಯೂ ಇತ್ತು. ಹಳಿಯನ್ನು ಅಗಲ ಮಾಡಿದ ಮೇಲೆ ರೈಲು ಪಕ್ಕದ ಹೊಸ ಸೇತುವೆಗೆ ಹೋಯಿತು. ಹಳೆಯದು ಈಗ ನೋಡುವವರಿಗೆ ನಿಂತಿದೆ. ದೊಡ್ಡತ್ತೆ ರಟ್ಟಿನಲ್ಲಿ ಕಮಾನು ಕತ್ತರಿಸಿ, ಜೇಡಿಮಣ್ಣು ಸವರಿ, ಆ ಸೇತುವೆಯನ್ನು ಮಾಡಿದ್ದರು. ಒಂದು ಬದಿಯಲ್ಲಿ ರೈಲು, ಇನ್ನೊಂದು ಬದಿಯಲ್ಲಿ ಎತ್ತಿನ ಗಾಡಿ.

ಅಳತೆಯ ವಿಷಯದಲ್ಲಿ ಅವರದು ಬಲು ಖಂಡಿತ. ಅರ್ಧ ಬೆಂಕಿಕಡ್ಡಿ ಒಬ್ಬ ಮನುಷ್ಯ. ಉಳಿದದ್ದೆಲ್ಲ ಅದಕ್ಕೆ ತಕ್ಕಂತೆ. ಬಾಗಿಲು ಮನುಷ್ಯನಿಗಿಂತ ಗಿಡ್ಡವಾಗಕೂಡದು, ಬಾತುಕೋಳಿ ಇಂಜಿನ್ನಿಗಿಂತ ದೊಡ್ಡದಾಗಕೂಡದು. ಆದ್ದರಿಂದ ಪ್ಲಾಸ್ಟಿಕ್ ಬಾತುಕೋಳಿಗೆ ಅವರ ಕೆರೆಯಲ್ಲಿ ಜಾಗವಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ನನ್ನ ಮಗ ಹೇಳಿದ: ವಿದೇಶಗಳಲ್ಲಿ ರೈಲಿನ ಮಾದರಿ ಮಾಡುವ ಹವ್ಯಾಸಿಗಳು ಹೆಚ್ಚಾಗಿ ಬಳಸುವ ಒಂದು ಅಳತೆ ನಿಜವಾದದ್ದರ 87ರಲ್ಲಿ ಒಂದು ಪಾಲಂತೆ. ಲೆಕ್ಕ ಹಾಕಿದೆವು. ಐದೂವರೆ ಅಡಿಯ ಮನುಷ್ಯ ಆ ಅಳತೆಯಲ್ಲಿ ಎರಡು ಸೆಂಟಿಮೀಟರು. ಬೆಂಕಿಕಡ್ಡಿಯನ್ನು ಅರ್ಧ ಮುರಿದು ಅಳೆದರೆ ಅದೂ ಹೆಚ್ಚುಕಡಿಮೆ ಅಷ್ಟೇ! ನಾಲ್ಕನೆಯ ಕ್ಲಾಸು ಓದಿದ ಹೆಂಗಸು ಕಣ್ಣಂದಾಜಿನಲ್ಲಿ ಲೋಕದ ಹವ್ಯಾಸಿಗಳ ಅಳತೆಗೆ ಬಂದು ನಿಂತಿದ್ದರು.

1993ರ ದಸರೆಗೆ ಮುಂಚೆ, ನಮ್ಮ ಮನೆಗೆ ಬರುತ್ತಿದ್ದ ಪತ್ರಿಕೆಯೊಂದು ಓದುಗರ ಮನೆಯ ಬೊಂಬೆಗಳ ಫೋಟೋ ಕಳಿಸಿರೆಂದು ಕೇಳಿತ್ತು. ಕೊಳ್ಳೇಗಾಲದ ಸ್ಟುಡಿಯೋ ಒಂದಕ್ಕೆ ಹೇಳಿಕಳಿಸಿದೆ. ಮದುವೆಯೊಂದನ್ನು ಮುಗಿಸಿಕೊಂಡು, ರೋಲಿನಲ್ಲಿ ಎಂಟು ಫಿಲಮು ಉಳಿಸಿಕೊಂಡು ಒಬ್ಬ ಹುಡುಗ ಬಂದ. ನಿಂತ ನಿಲುವಿನಲ್ಲೇ ಕ್ಯಾಮೆರಾ ಎತ್ತಿ, ಫಳ್ ಎಂದು ಫ್ಲಾಷು ಹೊಡೆದ. ಎರಡು ಆಯಿತು. ಮೂರನೆಯದಕ್ಕೆ ಕ್ಯಾಮೆರಾ ಎತ್ತುವಷ್ಟರಲ್ಲಿ ಬಾಗಿಲ ಹಿಂದಿನಿಂದ ದೊಡ್ಡತ್ತೆಯ ದನಿ ಬಂತು.

“ನಿಂತ್ಕಂಡು ತೆಗುದ್ರೆ ಹದ್ದು ನೋಡ್ದಂಗಿರ್ತದೆ ಕಣಪ್ಪ. ಪ್ಲಾಟ್‌ಫಾರಮ್ನಲ್ಲಿ ನಿಂತಿರೋ ಮನ್ಸ ನೋಡ್ದಂಗೆ ತೆಗಿ.”

ಹುಡುಗ ಒಂದು ಗಳಿಗೆ ಪೆಚ್ಚಾದ. ಆದರೆ ಜಾಣ. ಅಂಗಿ ಕೊಳೆಯಾಗುತ್ತದೆಂದು ನೋಡದೆ ಬೋರಲು ಮಲಗಿದ. ಮಲಗಿ ಕ್ಯಾಮೆರಾದಲ್ಲಿ ಕಣ್ಣಿಟ್ಟವನು, “ಅಕ್ಕಾ, ಇದು ನಿಜವಾದ ಸ್ಟೇಷನ್ನೇ ಕಣ್ರೀ!” ಎಂದ. ಆಮೇಲೆ ಅವನಿಗೂ ಹುರುಪು ಬಂತು. ಫ್ಲಾಷು ಬೇಡ, ಕನ್ನಡಿಯ ಕೆರೆಗೆ ಹೊಡೆದು ಬೆಳ್ಳಗಾಗುತ್ತದೆ ಎಂದ. ಕಿಟಕಿ ತೆರೆಸಿ, ಬಿಸಿಲು ನೇರ ಬೀಳದಂತೆ ತೆಳ್ಳನೆಯ ಪಂಚೆ ಕಟ್ಟಿಸಿದ. ಹತ್ತಿರದ ಇಂಜಿನ್ನೂ ದೂರದ ಬೆಟ್ಟವೂ ಎರಡೂ ಸ್ಪಷ್ಟವಾಗಬೇಕಾದರೆ ಕ್ಯಾಮೆರಾದ ಕಣ್ಣನ್ನು ಬಲು ಸಣ್ಣದು ಮಾಡಬೇಕು, ಸಣ್ಣದು ಮಾಡಿದರೆ ಬೆಳಕು ಕಡಿಮೆ, ಅದಕ್ಕೆ ಹೆಚ್ಚು ಹೊತ್ತು ತೆರೆದಿಡಬೇಕು ಎಂದು ನನಗೆ ಪಾಠ ಹೇಳಿದ. ಮಣೆಯ ಮೇಲೆ ಎರಡು ಪುಸ್ತಕವಿಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸಿದ. “ಯಾರೂ ಅಲ್ಲಾಡಬೇಡಿ” ಎಂದು ನಾಲ್ಕೈದು ಸೆಕೆಂಡು ತೆರೆದಿಟ್ಟ. ನಾವೆಲ್ಲ ಉಸಿರು ಹಿಡಿದು ನಿಂತೆವು. ರೈಲಿಗಾಗಿ ಉಸಿರು ಹಿಡಿದದ್ದು ಅದೇ ಮೊದಲು.

ಒಳ್ಳೆಯ ಎರಡು ಪ್ರಿಂಟನ್ನು ಆರಿಸಿ, ಹಿಂದುಗಡೆ ನಾನೇ ಅಚ್ಚುಕಟ್ಟಾಗಿ ಬರೆದೆ. ರೈಲು ನಿಲ್ದಾಣವನ್ನು ಮಾಡಿದವರ ಹೆಸರು, ವಯಸ್ಸು, ಬಳಸಿದ ಸಾಮಾನು, ಊರು. ರಿಜಿಸ್ಟರು ಮಾಡಿ ಕಳಿಸಿದೆ. ಹಬ್ಬ ಮುಗಿದು, ಬೊಂಬೆಗಳೆಲ್ಲ ಟ್ರಂಕು ಸೇರಿ, ದೀಪಾವಳಿಯ ಹತ್ತಿರಕ್ಕೆ ಫೋಟೋ ಬಂತು. ಅರ್ಧ ಪುಟ! ಸೇತುವೆಯ ಕಮಾನುಗಳು, ಕೆರೆಯಲ್ಲಿ ಅವುಗಳ ನೆರಳು, ಹೊರಡಲು ನಿಂತ ರೈಲು. ಕೆಳಗೆ ಒಂದು ಸಾಲು, ಯಳಂದೂರಿನ ಶ್ರೀ ಇಂಥವರ ಮನೆಯಲ್ಲಿ ಕೂರಿಸಿದ ಆಕರ್ಷಕ ಬೊಂಬೆಗಳು ಎಂದು. ಇಂಥವರೆಂದರೆ ನಮ್ಮ ಮಾವನವರು.

ಮಾವನವರು ಬೊಂಬೆಗೆ ಒಂದು ಮೊಳೆಯನ್ನೂ ಹೊಡೆದವರಲ್ಲ. ಪಾಪ, ಅವರು ಹೊಡೆದೆನೆಂದು ಹೇಳಿಕೊಂಡವರೂ ಅಲ್ಲ. ಆದರೆ ಅಂಚೆಕಚೇರಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಕಂಡವರೆಲ್ಲ “ಏನ್ ಯಜಮಾನ್ರೆ, ರೈಲು ಬಿಟ್ಟಿದ್ದೀರಂತೆ!” ಎಂದು ತಮಾಷೆ ಮಾಡಿದರು. ಅವರೂ ನಕ್ಕರು. ನಾನು ಪತ್ರಿಕೆಗೆ ಒಂದು ಕಾಗದ ಬರೆದೆ. ಉತ್ತರ ಬರಲಿಲ್ಲ. ದೊಡ್ಡತ್ತೆ ಮಾತ್ರ, “ಮನೆ ಅವನ್ದಲ್ವ, ಇನ್ನೇನ್ ಹಾಕಾರು” ಎಂದು ಪತ್ರಿಕೆಯನ್ನು ಮಡಿಸಿಟ್ಟರು. ಅಂದು ರಾತ್ರಿ ನೀರು ಕುಡಿಯಲೆಂದು ಎದ್ದಾಗ ನೋಡಿದೆ. ಅಡಿಗೆಮನೆಯ ದೀಪದ ಕೆಳಗೆ ತಮ್ಮನ ಕನ್ನಡಕ ಹಾಕಿಕೊಂಡು ಕೂತು, ಆ ಒಂದು ಸಾಲಿನ ಮೇಲೆ ಬೆರಳಿಟ್ಟು ಮೊದಲಿನಿಂದ ಕೊನೆಯವರೆಗೆ ಓದುತ್ತಿದ್ದರು. ಮುಗಿದ ಮೇಲೆ ಪುಟ ತಿರುವಿದರು, ಹೆಸರು ಹಿಂದಿನ ಪುಟದಲ್ಲೇನಾದರೂ ಇದೆಯೋ ಎಂಬಂತೆ. ನಾನು ನೀರು ಕುಡಿಯದೆ ಹಿಂತಿರುಗಿದೆ.

ಮರುವರ್ಷ ಮಹಾಲಯ ಅಮಾವಾಸ್ಯೆ ಬಂದರೂ ದೊಡ್ಡತ್ತೆ ಟೂತ್‌ಪೇಸ್ಟಿನ ಡಬ್ಬಿ ಹೊರತೆಗೆಯಲಿಲ್ಲ. “ಮಂಡಿ ನೋವು ಕಣವ್ವ, ಈ ಸಲ ಬ್ಯಾಡ” ಎಂದರು. ಬೊಂಬೆ ಕೂತವು, ನೆಲ ಬರಿದಾಗಿತ್ತು. ಬೀದಿಯ ಮಕ್ಕಳು ಬಂದು ಬಂದು ಇಣುಕಿ ನೋಡಿ ಹೋದವು. ಮೂರನೆಯ ದಿನ ಪಕ್ಕದ ಮನೆಯ ಹುಡುಗಿ ದೊಡ್ಡತ್ತೆಯ ಎದುರಿಗೇ ಕೂತು ಕೇಳಿಬಿಟ್ಟಳು: “ದೊಡ್ಡತ್ತೆ, ನಿಮ್ ಸ್ಟೇಷನ್ನಿಗೆ ಹೆಸರೇ ಇರ್ಲಿಲ್ವಲ್ಲ, ಅದುಕ್ಕೇ ರೈಲು ಬಂದಿಲ್ವಾ?”

ನನಗೆ ಥಟ್ಟನೆ ಹೊಳೆಯಿತು. ಫೋಟೋದ ಹಿಂದೆ ಬರೆದ ಹೆಸರು ಕಚೇರಿಯಲ್ಲಿ ಉದುರಿಹೋಗಬಹುದು. ಫೋಟೋದ ಒಳಗೇ ಬರೆದರೆ? ರೈಲು ನಿಲ್ದಾಣದಲ್ಲಿ ಬೋರ್ಡು ಇರಲೇಬೇಕಲ್ಲ!

ಮಕ್ಕಳನ್ನೆಲ್ಲ ಸೇರಿಸಿ ಕೇಳಿದೆ, ಏನು ಹೆಸರಿಡೋಣ? ಎಲ್ಲರೂ ಒಂದೇ ದನಿಯಲ್ಲಿ “ದೊಡ್ಡತ್ತೆ” ಎಂದರು. ಆಗ ದೊಡ್ಡತ್ತೆಯೇ ತಡೆಯಲಾರದೆ ಬಾಯಿ ಹಾಕಿದರು. “ಬರೀ ಹಂಗಂದ್ರೆ ಆಗಲ್ಲ. ಊರು ಒಂದ್ ಕಡೆ, ಸ್ಟೇಷನ್ನು ಇನ್ನೊಂದ್ ಕಡೆ ದೂರ ಇದ್ರೆ ರೋಡ್ ಅಂತ ಸೇರಿಸ್ತಾರೆ. ನಮ್ಮೂರಿಗೂ ರೈಲ್ಗೂ ಎಷ್ಟ್ ದೂರ? ‘ದೊಡ್ಡತ್ತೆ ರೋಡ್’ ಅಂತ ಬರೀರಿ.” ಹೇಳಿ ತಾವೇ ನಕ್ಕರು. ನಾನು ರಟ್ಟಿಗೆ ಹಳದಿ ಬಣ್ಣ ಬಳಿದು, ಕಪ್ಪು ಅಕ್ಷರದಲ್ಲಿ ಬರೆದೆ. ಬಿ.ಎಡ್.ನಲ್ಲಿ ಚಾರ್ಟು ಬರೆದು ಬರೆದು ಪಳಗಿದ ಕೈ ಅಂದು ಸಾರ್ಥಕವಾಯಿತು. ಸಂಜೆಯೊಳಗೆ ಸೇತುವೆ ಎದ್ದಿತು. ಮಂಡಿನೋವಿನ ಸುದ್ದಿಯೇ ಇರಲಿಲ್ಲ.

ಅದೇ ಹುಡುಗ ಬಂದು, ಈ ಸಲ ಹೇಳಿಸಿಕೊಳ್ಳದೆ ಬೋರಲು ಮಲಗಿದ. ಬೋರ್ಡನ್ನು ಮುಂದಕ್ಕಿಟ್ಟು, ರೈಲು ಅದರ ಹಿಂದಿನಿಂದ ತಿರುವಿನಲ್ಲಿ ಬರುತ್ತಿರುವಂತೆ ತೆಗೆದ. ಫೋಟೋ ಅಚ್ಚಾಯಿತು. ಕೆಳಗಿನ ಸಾಲು ಹಿಂದಿನ ವರ್ಷದಂತೆಯೇ ಇತ್ತು, ಶ್ರೀ ಇಂಥವರ ಮನೆ! ಆದರೆ ಅದರ ಮೇಲೆ, ಯಾರೂ ಕತ್ತರಿಸಲಾಗದ ಜಾಗದಲ್ಲಿ, ಹಳದಿ ಬೋರ್ಡು ನಿಂತಿತ್ತು. 1995ರ ನವರಾತ್ರಿಗೆ ಕೊಳ್ಳೇಗಾಲದಿಂದ ಮೂವರು ಹೆಂಗಸರು ಬಸ್ಸು ಹತ್ತಿ ಬಂದರು. ಬೊಂಬೆಗೆ ಕೈ ಮುಗಿದು, “ದೊಡ್ಡತ್ತೆ ಅಂದ್ರೆ ಯಾರು?” ಎಂದರು. ನಮ್ಮತ್ತೆ ಒಳಮನೆಯ ಕಡೆ ತಿರುಗಿ, “ಅತ್ತಿಗೆ, ನಿಮ್ಮನ್ನ ನೋಡಕ್ಕೆ ಬಂದವ್ರೆ, ಈಚೆಗೆ ಬನ್ನಿ” ಎಂದು ಕರೆದರು. ದೊಡ್ಡತ್ತೆ ಸೆರಗು ಸರಿಮಾಡಿಕೊಂಡು, ರೇಷ್ಮೆ ಎಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಡುಮನೆಗೆ ಬಂದರು. ಆ ವರ್ಷದಿಂದ ಅವರು ರೈಲನ್ನು ಎಲ್ಲರ ಎದುರಿಗೇ ಕೂತು ಎಳೆದರು. ರೂಢಿಯ ಬಗ್ಗೆ ಯಾರೂ ವಾದ ಮಾಡಲಿಲ್ಲ. ಅದು ಸುಮ್ಮನೆ ಸ್ವಲ್ಪ ಸರಿದು ಜಾಗ ಕೊಟ್ಟಿತು.

ಆ ಫೋಟೋವನ್ನು ನಾನು ಹನೂರಿನ ಶಾಲೆಯ ನನ್ನ ತರಗತಿಯ ಗೋಡೆಗೆ ಅಂಟಿಸಿದ್ದೆ. ಮಾದೇಶ್ವರನ ಬೆಟ್ಟದ ಕಡೆಯ ಹಳ್ಳಿಗಳಿಂದ ಬರುತ್ತಿದ್ದ ಮಕ್ಕಳಲ್ಲಿ ಹೆಚ್ಚಿನವರು ರೈಲು ಕಂಡವರಲ್ಲ. ಒಬ್ಬ ಹುಡುಗ ಭೂಪಟದಲ್ಲಿ ದೊಡ್ಡತ್ತೆ ರೋಡ್ ಎಲ್ಲಿದೆಯೆಂದು ಒಂದು ಪೀರಿಯಡ್ ಪೂರ್ತಿ ಹುಡುಕಿದ! ಮುಂದೆ ಅವರನ್ನು ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದೆ. 1979ರಲ್ಲಿ ಆರಂಭವಾದ ಆ ಜಾಗದಲ್ಲಿ ಹಳೆಯ ಉಗಿ ಇಂಜಿನ್ನುಗಳಿವೆ, 1899ರ ಕಾಲದ ಮಹಾರಾಣಿಯವರ ಬೋಗಿಯೂ ಇದೆ. ಎಲ್ಲವನ್ನೂ ಹತ್ತಿ ಇಳಿದ ಮೇಲೆ ಅದೇ ಹುಡುಗ, “ಮಿಸ್, ದೊಡ್ಡತ್ತೆ ರೋಡ್‌ನ ರೈಲೇ ಚೆನ್ನಾಗೈತೆ” ಎಂದ. ಮನೆಗೆ ಹೋಗಿ ಹೇಳಿದೆ. “ಹುಡುಗ್ರು ಹಂಗೇ ಅಂತಾರೆ” ಎಂದರು ದೊಡ್ಡತ್ತೆ. ಆದರೆ ಆ ಹುಡುಗನ ಹೆಸರೇನೆಂದು ಎರಡು ಸಲ ಕೇಳಿದರು.

ದೊಡ್ಡತ್ತೆ 2004ರಲ್ಲಿ ತೀರಿಕೊಂಡರು. ಚಾಮರಾಜನಗರದ ಹಳಿ ಅಗಲವಾಗಿ, 2008ರಲ್ಲಿ ಮತ್ತೆ ರೈಲು ಓಡಿದ್ದನ್ನು ಅವರು ನೋಡಲಿಲ್ಲ. ಒಂದು ಮಳೆಗಾಲದಲ್ಲಿ ಅಟ್ಟದ ಪೆಟ್ಟಿಗೆಗೆ ಗೆದ್ದಲು ಹಿಡಿದು ಸೇತುವೆ, ಡಬ್ಬಿ, ಬೋರ್ಡು ಎಲ್ಲ ಮಣ್ಣಾದವು. ಗುಂಡಿಗಳು ಮಾತ್ರ ಉಳಿದವು.

ಆ ದುಃಖದಲ್ಲಿದ್ದಾಗಲೇ ನನ್ನ ಮಗ ಅಮೆರಿಕದ ಜಾನ್ ಆಲೆನ್ ಎಂಬುವರ ಕಥೆ ಹೇಳಿದ್ದು. ಆ ದೇಶದಲ್ಲಿ ರೈಲಿನ ಮಾದರಿ ಮಾಡುವ ಹವ್ಯಾಸಕ್ಕೆಂದೇ ‘ಮಾಡೆಲ್ ರೈಲ್‌ರೋಡರ್’ ಎಂಬ ಮಾಸಪತ್ರಿಕೆ 1934ರಿಂದ ಬರುತ್ತಿದೆ. ತಮ್ಮ ಮನೆಯ ರೈಲಿನ ಫೋಟೋ ಅದರಲ್ಲಿ ಅಚ್ಚಾಗುವುದೆಂದರೆ ಹವ್ಯಾಸಿಗಳಿಗೆ ದೊಡ್ಡ ಮರ್ಯಾದೆ. ಆಲೆನ್ ವೃತ್ತಿಯಿಂದ ಫೋಟೋಗ್ರಾಫರು. ಕ್ಯಾಲಿಫೋರ್ನಿಯಾದ ಮಾಂಟೆರೇ ಊರಿನ ತಮ್ಮ ಮನೆಯಲ್ಲಿ ಬೆಟ್ಟ, ಕಣಿವೆ, ಸೇತುವೆಗಳ ದೊಡ್ಡದೊಂದು ರೈಲುಲೋಕ ಕಟ್ಟಿದ್ದರು. ಜಾಗ ದೊಡ್ಡದಾಗಿ ಕಾಣಲೆಂದು ಅವರೂ ಕನ್ನಡಿ ಬಳಸಿದ್ದರಂತೆ, ನಮ್ಮ ದೊಡ್ಡತ್ತೆಯ ಹಾಗೆ! ಕ್ಯಾಮೆರಾದ ಕಣ್ಣನ್ನು ಸೂಜಿರಂಧ್ರದಷ್ಟು ಕಿರಿದು ಮಾಡಿ, ರೈಲಿನ ಮಟ್ಟಕ್ಕೆ ಇಳಿದು ಅವರು ತೆಗೆದ ಚಿತ್ರಗಳು ಪತ್ರಿಕೆಗಳಲ್ಲಿ ವರ್ಷಗಟ್ಟಲೆ ಬಂದವು. 1973ರ ಜನವರಿಯಲ್ಲಿ ಅವರು ತೀರಿಕೊಂಡರು. ಕೆಲವೇ ದಿನಗಳಲ್ಲಿ ಮನೆಗೆ ಬೆಂಕಿ ಬಿದ್ದು ಆ ರೈಲುಲೋಕ ಸುಟ್ಟುಹೋಯಿತು. ಇಂದಿಗೂ ಹವ್ಯಾಸಿಗಳು ಅದರ ಮಾತಾಡುತ್ತಾರಾದರೆ ಅದು ಅಚ್ಚಾದ ಫೋಟೋಗಳ ದೆಸೆಯಿಂದ. ಅಲ್ಲಿ ಬೆಂಕಿ, ಇಲ್ಲಿ ಗೆದ್ದಲು. ಉಳಿದದ್ದು ಎರಡು ಕಡೆಯೂ ಕಾಗದವೇ. ಒಂದೇ ವ್ಯತ್ಯಾಸ, ಅವರ ಚಿತ್ರದ ಜೊತೆ ಅವರ ಹೆಸರು ಇದ್ದೇ ಇತ್ತು.

ನಮ್ಮ ದೇಶದಲ್ಲೂ ಇಂಥವರಿದ್ದಾರೆ. ಪುಣೆಯಲ್ಲಿ ಜೋಶಿ ಎಂಬುವರು ಜೀವಮಾನವೆಲ್ಲ ಕೂಡಿಸಿದ ಪುಟ್ಟ ರೈಲುಗಳು 1998ರಲ್ಲಿ ಒಂದು ವಸ್ತುಸಂಗ್ರಹಾಲಯವೇ ಆದವು. ಆದರೆ ನಮ್ಮ ಹೆಂಗಸರು ಕಟ್ಟುವುದು ಹತ್ತು ದಿನದ ಲೋಕ. ವಿಜಯದಶಮಿಯ ರಾತ್ರಿ ಪಟ್ಟದ ಬೊಂಬೆಯನ್ನು ಮಲಗಿಸಿದೆವೆಂದರೆ ಮುಗಿಯಿತು, ಮರುದಿನ ಎಲ್ಲ ಹಳೆಯ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಗೆ. ರಂಗೋಲಿಯನ್ನು ಹೇಗೋ ಹಾಗೆ, ಅಡಿಗೆಯನ್ನು ಹೇಗೋ ಹಾಗೆ, ಇದನ್ನೂ ನಾವು ಅಳಿಸುವುದಕ್ಕಾಗಿಯೇ ಮಾಡುತ್ತೇವೆ. ಅಳಿಯಲಿ, ತಪ್ಪಿಲ್ಲ. ಮಾಡಿದವಳು ಅಳಿಯಬಾರದು.

ಈಗ ಎಲ್ಲರ ಕೈಯಲ್ಲೂ ಮೊಬೈಲಿದೆ. ಸ್ಟುಡಿಯೋ ಹುಡುಗನಿಗೆ ಕಾಯಬೇಕಿಲ್ಲ. ಮೈಸೂರಿನ ಪತ್ರಿಕೆಗಳು ದಸರೆಯಲ್ಲಿ ಈಗಲೂ ಮನೆಮನೆಯ ಬೊಂಬೆಗಳನ್ನು ಅಚ್ಚುಹಾಕುತ್ತವೆ. ಆದ್ದರಿಂದ ಅಕ್ಕತಂಗಿಯರಿಗೆ ನನ್ನ ನಾಲ್ಕು ಮಾತು. ಮೆಟ್ಟಿಲುಗಳ ಇಡೀ ಚಿತ್ರ ಒಂದು ಸಾಕು; ಎರಡನೆಯದು ನಿಮ್ಮ ಕೈಕೆಲಸದ ಒಂದು ಮೂಲೆಯದಾಗಲಿ. ನಿಂತು ತೆಗೆಯಬೇಡಿ. ಮೊಬೈಲನ್ನು ತಲೆಕೆಳಗು ಮಾಡಿ ನೆಲಕ್ಕೆ ತಾಗಿಸಿ ಹಿಡಿದರೆ ಅದರ ಕಣ್ಣು ಬೊಂಬೆಯ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಫ್ಲಾಷು ಆರಿಸಿ, ಕಿಟಕಿಯ ಬೆಳಕು ಪಕ್ಕದಿಂದ ಬೀಳಲಿ. ಹಿಂದೆ ಕಾಣುವ ಸ್ವಿಚ್ಚು, ವೈರು, ಕ್ಯಾಲೆಂಡರುಗಳನ್ನು ಒಂದು ಸೀರೆಯಿಂದ ಮರೆಮಾಡಿ. ಏನನ್ನು ಏತರಿಂದ ಮಾಡಿದಿರೆಂದು ಎರಡು ಸಾಲು ಬರೆಯಿರಿ. ನೋಡುವವರಿಗೆ ಅದೇ ಬೇಕಾದದ್ದು.

ಕೊನೆಯದಾಗಿ, ಮಾಡಿದವರ ಹೆಸರು. ಅದನ್ನು ಕಾಗದದಲ್ಲಿ ಬರೆಯಿರಿ, ಸಾಲದೆಂದು ಚಿತ್ರದೊಳಗೂ ಬರೆಯಿರಿ. ನಿಮ್ಮ ಪಾರ್ಕಿನಲ್ಲಿ ಒಂದು ಅಂಗಡಿ ಇದ್ದರೆ ಅದಕ್ಕೊಂದು ಬೋರ್ಡು, ಶಾಲೆ ಇದ್ದರೆ ಅದಕ್ಕೊಂದು, ಬಸ್‌ಸ್ಟಾಪಿಗೊಂದು. ನಿಮ್ಮ ಅಜ್ಜಿಯದೋ, ಅತ್ತೆಯದೋ, ಮನೆಗೆಲಸದಲ್ಲಿ ನೆರವಾಗಿ ರಾಗಿ ಮೊಳಕೆ ಹಾಕಿಕೊಟ್ಟವಳದೋ ಹೆಸರನ್ನು ಅದರಲ್ಲಿ ಬರೆಯಿರಿ. ಅಕ್ಷರ ಸ್ವಲ್ಪ ದಪ್ಪಗಿರಲಿ. ಪತ್ರಿಕೆಯಲ್ಲಿ ಚಿತ್ರ ಚಿಕ್ಕದಾಗುತ್ತದೆ; ಚಿಕ್ಕದಾದ ಮೇಲೂ ಓದಲು ಬರಬೇಕು.